ಮೆಕ್ಸಿಕನ್ ಮೂಲದ ಹುಡುಗಿಯರ ಕುಡಿತ ಮತ್ತು ಲೈಂಗಿಕ ಆರೋಗ್ಯ: ಸಂಸ್ಕೃತಿಯ ಪಾಲು ಎಷ್ಟು, ಸನ್ನಿವೇಶದ ಪಾಲು ಎಷ್ಟು?

ಹೊಂಗೆನೆರಳು – ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ಟೆಕ್ಸಾಸ್‌ನಲ್ಲಿ ಸಾರ್ವಜನಿಕ ಆರೋಗ್ಯ ವಿಷಯದಲ್ಲಿ ಸ್ನಾತಕೋತ್ತರ ಅಧ್ಯಯನ ಮಾಡುತ್ತಿದ್ದೇನೆ. ಅಮೆರಿಕದಲ್ಲಿ ನೆಲೆಸಿರುವ ಮೆಕ್ಸಿಕನ್ ಮೂಲದ ಹದಿಹರೆಯದ ಹುಡುಗಿಯರಲ್ಲಿ ಮದ್ಯಪಾನಕ್ಕೂ ಲೈಂಗಿಕ ಆರೋಗ್ಯಕ್ಕೂ ಇರುವ ಸಂಬಂಧವನ್ನು ಪ್ರಬಂಧಕ್ಕೆ ಆರಿಸಿಕೊಂಡಿದ್ದೇನೆ. ಓದುತ್ತ ಹೋದಂತೆ ಒಂದಕ್ಕೊಂದು ಹೊಂದದ ಎರಡು ಮಾತುಗಳು ಎದುರಾಗಿವೆ. ಈ ಕ್ಷೇತ್ರದಲ್ಲಿ ಕೆಲಸ ಮಾಡುವವರು ಇಲ್ಲಿ ಕೆಲವರಾದರೂ ಇದ್ದೀರಿ ಎಂಬ ಭರವಸೆಯಿಂದ ಕೇಳುತ್ತಿದ್ದೇನೆ.

ಒಂದು, ಸಂಪ್ರದಾಯವು ಹುಡುಗಿಯರನ್ನು ಕಾಯುತ್ತದೆ ಎಂಬ ಮಾತು. ಮೆಕ್ಸಿಕೊದಲ್ಲಿ ಹುಟ್ಟಿ ವಲಸೆ ಬಂದ ಹೆಂಗಸರು ಕಡಿಮೆ ಕುಡಿಯುತ್ತಾರೆ, ಅಮೆರಿಕದಲ್ಲೇ ಹುಟ್ಟಿ ಬೆಳೆದ ಅವರ ಹೆಣ್ಣುಮಕ್ಕಳು ಮತ್ತು ಮೊಮ್ಮಕ್ಕಳು ಹೆಚ್ಚು ಕುಡಿಯುತ್ತಾರೆ ಎಂಬುದು ಹಲವು ದಶಕಗಳ ಸಮೀಕ್ಷೆಗಳಲ್ಲಿ ಮತ್ತೆ ಮತ್ತೆ ಕಂಡಿರುವ ಸಂಗತಿ. ಗಂಡಸರಲ್ಲಿ ಈ ಸಂಬಂಧ ಇಷ್ಟು ಸ್ಪಷ್ಟವಾಗಿಲ್ಲ. ಗಂಡಸಿನ ಕುಡಿತಕ್ಕೆ ಗಡಿಯ ಆಚೆಗೂ ಈಚೆಗೂ ಅಂಥ ಅಡ್ಡಿಯೇನೂ ಇರಲಿಲ್ಲ ಎಂಬುದು ಅದಕ್ಕೆ ಕಾರಣವಿರಬಹುದು. ಇನ್ನೊಂದು, ಅದೇ ಸಂಪ್ರದಾಯ ಅವರನ್ನು ಅಪಾಯಕ್ಕೆ ದೂಡುತ್ತದೆ ಎಂಬ ಮಾತು. ಕನ್ಯೆ ಮೇರಿಯಂತೆ ಶುದ್ಧಳೂ ಸಹನಾಮೂರ್ತಿಯೂ ಆಗಿರಬೇಕೆಂಬ ಮರಿಯಾನಿಸ್ಮೊ ಆದರ್ಶ ಒಂದು ಕಡೆ, ಗಂಡಿನ ಯಜಮಾನಿಕೆಯನ್ನು ಸಹಜವೆಂದು ಒಪ್ಪುವ ಮಚಿಸ್ಮೊ ಇನ್ನೊಂದು ಕಡೆ. ಇವೆರಡರ ನಡುವೆ ಬೆಳೆದ ಹುಡುಗಿ ಕಾಂಡೋಮ್ ವಿಷಯದಲ್ಲಿ ಬಾಯಿ ಬಿಡಲಾರಳು, ತಿಳಿದಿದ್ದರೂ ತಿಳಿಯದವಳಂತೆ ಇರಬೇಕಾಗುತ್ತದೆ ಎಂದು ಈ ವಾದದವರು ಹೇಳುತ್ತಾರೆ.

ಒಂದೇ ಮೌಲ್ಯ ಒಂದು ಅಧ್ಯಾಯದಲ್ಲಿ ರಕ್ಷೆ, ಮುಂದಿನ ಅಧ್ಯಾಯದಲ್ಲಿ ಕೇಡು ಎಂದು ಬರೆದರೆ ಪರೀಕ್ಷಕರು ಏನನ್ನುತ್ತಾರೋ ತಿಳಿಯದು. ಮಾರ್ಗದರ್ಶಕರು ಮರಿಯಾನಿಸ್ಮೊ ಅಳೆಯುವ ಪ್ರಶ್ನಾವಳಿಯೊಂದನ್ನು ಬಳಸಿ, ಅದರ ಒಟ್ಟು ಅಂಕವನ್ನು ಕುಡಿತದ ಜೊತೆ ತಾಳೆ ನೋಡಲು ಸೂಚಿಸಿದ್ದಾರೆ. ಆದರೆ ಬಡತನ, ವಿಮೆ, ಕಾನೂನು ಇವೆಲ್ಲ ಮಾಡುವ ಕೆಲಸವನ್ನು ನಾವು ಸಂಸ್ಕೃತಿಯ ಲೆಕ್ಕಕ್ಕೆ ಬರೆಯುತ್ತಿದ್ದೇವೆಯೇ ಎಂಬ ಅನುಮಾನ ನನಗೆ ಬಿಡುತ್ತಿಲ್ಲ. ತಮ್ಮ ಅಭಿಪ್ರಾಯ ತಿಳಿಸಬೇಕಾಗಿ ಕೋರುತ್ತೇನೆ.

ಎಣಿಕೆಗಾರ – ಉತ್ತರ 1

ನಿಮ್ಮ ಅನುಮಾನಕ್ಕೆ ಅಂಕಿಗಳಲ್ಲಿ ಸಾಕಷ್ಟು ಆಧಾರವಿದೆ. ನಾನು ಸಮೀಕ್ಷೆಗಳ ದತ್ತಾಂಶದೊಂದಿಗೆ ಕೆಲಸ ಮಾಡುವವನಾದ್ದರಿಂದ ಆ ಭಾಗವನ್ನಷ್ಟೇ ಹೇಳುತ್ತೇನೆ.

ಮೊದಲಿಗೆ, ಲ್ಯಾಟಿನಾ, ಅಂದರೆ ಲ್ಯಾಟಿನ್ ಅಮೆರಿಕ ಮೂಲದ ಹೆಣ್ಣು, ಎಂಬುದು ಒಂದು ಗುಂಪಲ್ಲ. 2020ರ ಜನಗಣತಿಯಲ್ಲಿ 6 ಕೋಟಿ 20 ಲಕ್ಷಕ್ಕೂ ಹೆಚ್ಚು ಜನ ತಾವು ಹಿಸ್ಪಾನಿಕ್, ಅಂದರೆ ಸ್ಪ್ಯಾನಿಷ್ ಭಾಷೆಯ ನಾಡುಗಳ ಮೂಲದವರು, ಎಂದು ಬರೆಸಿದ್ದಾರೆ. ಅವರಲ್ಲಿ ಹೆಚ್ಚುಕಡಿಮೆ ಐದರಲ್ಲಿ ಮೂರು ಪಾಲು ಮೆಕ್ಸಿಕನ್ ಮೂಲದವರು. 2006ರಲ್ಲಿ ಮಯಾಮಿ, ನ್ಯೂಯಾರ್ಕ್, ಫಿಲಡೆಲ್ಫಿಯಾ, ಹ್ಯೂಸ್ಟನ್, ಲಾಸ್ ಏಂಜಲೀಸ್ ಈ ಐದು ನಗರಗಳಲ್ಲಿ ರೌಲ್ ಕಯೆತಾನೊ ಮತ್ತು ಸಂಗಡಿಗರು ನಡೆಸಿದ ದೊಡ್ಡ ಮದ್ಯಪಾನ ಸಮೀಕ್ಷೆಯಲ್ಲಿ ಪೋರ್ಟೊರಿಕೊ ಮತ್ತು ಮೆಕ್ಸಿಕನ್ ಮೂಲದ ಗಂಡಸರು ಹೆಚ್ಚು ಕುಡಿಯುವವರಾಗಿಯೂ ಕ್ಯೂಬಾ ಮೂಲದವರು ಕಡಿಮೆ ಕುಡಿಯುವವರಾಗಿಯೂ ಕಂಡುಬಂದರು. ಕ್ಯಾಥಲಿಕ್ ಧರ್ಮ, ಸ್ಪ್ಯಾನಿಷ್ ಭಾಷೆ, ಕುಟುಂಬನಿಷ್ಠೆ ಇವು ಮೂವರಲ್ಲೂ ಇವೆ. ನೀವು ಮೆಕ್ಸಿಕನ್ ಮೂಲದವರಿಗೆ ಮಾತ್ರ ಸೀಮಿತಗೊಳಿಸಿದ್ದು ಒಳ್ಳೆಯದೇ ಆಯಿತು.

ಎರಡನೆಯದಾಗಿ, ಅಮೆರಿಕದ ಬದುಕಿಗೆ ಹೊಂದಿಕೊಂಡ ಪ್ರಮಾಣವನ್ನು ಬಹಳಷ್ಟು ಅಧ್ಯಯನಗಳು ಅಳೆಯುವುದು ಮನೆಯಲ್ಲಿ ಯಾವ ಭಾಷೆ ಆಡುತ್ತೀರಿ, ಎಲ್ಲಿ ಹುಟ್ಟಿದಿರಿ ಎಂಬಷ್ಟರಿಂದಲೇ. ಇಂಗ್ಲಿಷ್ ಆಡುವ ಹುಡುಗಿಗೆ ಕೈಯಲ್ಲಿ ದುಡ್ಡು, ಓಡಿಸಲು ಕಾರು, ಕುಡಿಯುವ ಸ್ನೇಹಿತರು, ಅತ್ತೆ ಚಿಕ್ಕಮ್ಮಂದಿರ ಕಣ್ಣಿಗೆ ಬೀಳದ ಸಂಜೆಗಳು ಇವೂ ಹೆಚ್ಚಾಗಿಯೇ ಇರುತ್ತವೆ. ಆಕೆಯ ನಂಬಿಕೆ ಬದಲಾಯಿತೋ ಅವಕಾಶ ಬದಲಾಯಿತೋ ಎಂಬುದನ್ನು ಆ ಅಳತೆ ಬೇರ್ಪಡಿಸಿ ತೋರಿಸಲಾರದು.

ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಮೆಕ್ಸಿಕೊದ್ದೇ ಅಂಕಿಗಳು. ಅಲ್ಲಿನ ರಾಷ್ಟ್ರೀಯ ವ್ಯಸನ ಸಮೀಕ್ಷೆಗಳ ಪ್ರಕಾರ, ಹಿಂದಿನ ಒಂದು ತಿಂಗಳಲ್ಲಿ ಮಿತಿಮೀರಿ ಕುಡಿದಿದ್ದ 12ರಿಂದ 17 ವರ್ಷದ ಹುಡುಗಿಯರ ಪ್ರಮಾಣ 2011ರಲ್ಲಿ ಶೇ. 2.2 ಇದ್ದದ್ದು 2016ರ ಹೊತ್ತಿಗೆ ಶೇ. 7.7 ಆಯಿತು, ಅದೇ ಅವಧಿಯಲ್ಲಿ ಹುಡುಗರದ್ದು ಶೇ. 6.5ರಿಂದ 8.9ಕ್ಕೆ ಏರಿತು. ಈ ಹುಡುಗಿಯರು ಯಾವ ಗಡಿಯನ್ನೂ ದಾಟಿದವರಲ್ಲ. ಅಮೆರಿಕದಲ್ಲೂ, 2021ರ ಪ್ರೌಢಶಾಲಾ ಸಮೀಕ್ಷೆಯಲ್ಲಿ ಹಿಂದಿನ ಮೂವತ್ತು ದಿನಗಳಲ್ಲಿ ಮದ್ಯ ಸೇವಿಸಿದ್ದ ಹುಡುಗಿಯರು ಸುಮಾರು ಶೇ. 27, ಹುಡುಗರು ಶೇ. 19; ಇದು ಎಲ್ಲ ಜನಾಂಗಗಳನ್ನೂ ಸೇರಿಸಿದ ಲೆಕ್ಕ. ಅಂದರೆ ಹುಡುಗಿಯರ ಕುಡಿತ ಹುಡುಗರ ಮಟ್ಟಕ್ಕೆ ಬರುವುದು, ಕೆಲವೆಡೆ ಅದನ್ನು ಮೀರುವುದು, ವಲಸೆಯ ಕಥೆಯೊಳಗೆ ಮಾತ್ರ ಹಿಡಿಸುವ ಸಂಗತಿಯಲ್ಲ. ಅಮೆರಿಕದ ಮಗಳನ್ನು ನಾವು ಸಾಂಪ್ರದಾಯಿಕ ಮೆಕ್ಸಿಕೊದೊಂದಿಗೆ ಹೋಲಿಸುತ್ತೇವೆ. ಆ ಮೆಕ್ಸಿಕೊ ಈಗ ಹೆಚ್ಚಾಗಿ ತಾಯಂದಿರ ನೆನಪಿನಲ್ಲಿದೆ.

ಹದಿಹರೆಯದ ಹೆರಿಗೆಗಳ ವಿಷಯವನ್ನೂ ನೋಡಿ. 1991ರಲ್ಲಿ 15ರಿಂದ 19 ವರ್ಷದ ಹಿಸ್ಪಾನಿಕ್ ಹುಡುಗಿಯರಲ್ಲಿ ಸಾವಿರಕ್ಕೆ ಸುಮಾರು 105 ಹೆರಿಗೆಗಳಾಗುತ್ತಿದ್ದವು, 2019ರಲ್ಲಿ ಅದು ಸುಮಾರು 25ಕ್ಕೆ ಇಳಿದಿತ್ತು. ಬಿಳಿಯ ಹುಡುಗಿಯರಲ್ಲಿ ಅದೇ ವರ್ಷ ಇದ್ದ 11ಕ್ಕೆ ಹೋಲಿಸಿದರೆ ಇದು ಈಗಲೂ ಎರಡು ಪಟ್ಟಿಗಿಂತ ಹೆಚ್ಚು, ನಿಜ. ಆದರೆ ಇಡೀ ವಿಷಯವನ್ನು ಸಂಸ್ಕೃತಿಯೇ ನಿರ್ಧರಿಸುವುದಾಗಿದ್ದರೆ, ಹದಿನೈದು ತುಂಬಿದ ಹುಡುಗಿಗೆ ಕೀನ್ಸೆಅನ್ಯೇರಾ ಉತ್ಸವ ಮಾಡುವುದು, ಭಾನುವಾರ ಇಗರ್ಜಿಗೆ ಹೋಗುವುದು ಎಲ್ಲವೂ ಮುಂದುವರಿದಿರುವಾಗ, ಒಂದೇ ತಲೆಮಾರಿನಲ್ಲಿ ಮುಕ್ಕಾಲು ಪಾಲು ಇಳಿಕೆ ಹೇಗೆ ಸಾಧ್ಯವಾಯಿತು?

ದಾಳಿಂಬೆ – ಉತ್ತರ 2

ಹೊಂಗೆನೆರಳು ಅವರೇ, ನಾನು ಕ್ಯಾಲಿಫೋರ್ನಿಯಾದ ಸಮುದಾಯ ಚಿಕಿತ್ಸಾಲಯವೊಂದರಲ್ಲಿ ನರ್ಸ್. ನಮ್ಮಲ್ಲಿಗೆ ಬರುವ ಹುಡುಗಿಯರಲ್ಲಿ ಬಹುಪಾಲು ಮೆಕ್ಸಿಕನ್ ಮತ್ತು ಎಲ್ ಸಾಲ್ವಡೋರ್ ಮೂಲದವರು. ಎಣಿಕೆಗಾರರು ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಸಂಸ್ಕೃತಿಯನ್ನು ಪೂರ್ತಿ ಕೈಬಿಟ್ಟರೆ ನಿಮ್ಮ ಪ್ರಬಂಧಕ್ಕೆ ಅತ್ಯಗತ್ಯವಾದ ಒಂದು ಕೊಂಡಿ ಕಳಚಿಹೋಗುತ್ತದೆ.

ಆ ಕೊಂಡಿ ಯಾವುದೆಂದರೆ ಮುಂದಾಲೋಚನೆ. ಒಳ್ಳೆಯ ಹುಡುಗಿಗೆ ಎಂದಾದರೊಮ್ಮೆ ಕಾಲು ಜಾರುವುದನ್ನು ಮನೆಯವರು ಅತ್ತು ಕರೆದು ಕ್ಷಮಿಸಿಯಾರು. ಆದರೆ ಪರ್ಸಿನಲ್ಲಿ ಕಾಂಡೋಮ್ ಇಟ್ಟುಕೊಂಡು ಹೋಗುವುದು, ತಿಂಗಳ ಮೊದಲೇ ಮಾತ್ರೆ ಶುರುಮಾಡುವುದು ಇವು ಆಕೆ ಮೊದಲೇ ಮನಸ್ಸು ಮಾಡಿದ್ದಳು ಎಂಬುದಕ್ಕೆ ಸಾಕ್ಷಿಯಾಗುತ್ತವೆ. ಕುಡಿತ ಇಲ್ಲಿ ಒಂದು ನೆಪವನ್ನು ಒದಗಿಸುತ್ತದೆ. ಕುಡಿದಿದ್ದೆ, ಏನಾಯಿತೋ ಗೊತ್ತಾಗಲಿಲ್ಲ ಎಂಬ ಮಾತು ಅವಳ ಮರ್ಯಾದೆಯನ್ನು ಅಷ್ಟಿಷ್ಟಾದರೂ ಉಳಿಸುತ್ತದೆ, ಮುಂಜಾಗ್ರತೆ ವಹಿಸಿದ್ದೆ ಎಂಬ ಮಾತು ಅದನ್ನು ಕಳೆಯುತ್ತದೆ. ನೀವು ಕೇಳಿದ ವಿರೋಧಾಭಾಸಕ್ಕೆ ನನಗೆ ತೋಚುವ ಉತ್ತರ ಇದೇ. ನಾಲ್ಕು ಜನ ಏನಂದಾರು ಎಂಬ ಅಂಜಿಕೆ ಹುಡುಗಿಯನ್ನು ಅನೇಕ ಸಂಜೆಗಳಲ್ಲಿ ಮನೆಯಲ್ಲೇ ಉಳಿಸುತ್ತದೆ. ಆಕೆ ಹೊರಗೆ ಹೋದ ಒಂದು ಸಂಜೆ ಅದೇ ಅಂಜಿಕೆ ಅವಳನ್ನು ಯಾವ ತಯಾರಿಯೂ ಇಲ್ಲದೆ ಕಳಿಸುತ್ತದೆ. ರಕ್ಷೆ ಮತ್ತು ಕೇಡು ಎರಡು ಅಧ್ಯಾಯಗಳಾಗಬೇಕಿಲ್ಲ, ಒಂದೇ ಅಧ್ಯಾಯದಲ್ಲಿ ಒಂದರ ಹಿಂದೆ ಒಂದು ಬರಬಹುದು.

ಇಲ್ಲಿಯೇ ಒಂದು ಎಚ್ಚರಿಕೆ ಹೇಳಬೇಕು. ಪ್ರಜ್ಞೆ ತಪ್ಪುವಷ್ಟು ಕುಡಿದ ಹುಡುಗಿಯೊಂದಿಗೆ ನಡೆದದ್ದು ಅತ್ಯಾಚಾರ. ಅದನ್ನು ಆಕೆಯ ಅಪಾಯಕಾರಿ ನಡವಳಿಕೆ ಎಂಬ ಕಾಲಂನಲ್ಲಿ ತುಂಬಬಾರದು. ಬಹಳಷ್ಟು ಪ್ರಶ್ನಾವಳಿಗಳು, ಕಳೆದ ಸಲ ಸಂಭೋಗಕ್ಕೆ ಮುನ್ನ ಮದ್ಯ ಸೇವಿಸಿದ್ದಿರಾ ಎಂದು ಕೇಳಿ ಅಲ್ಲಿಗೇ ನಿಲ್ಲುತ್ತವೆ. ಮದ್ಯ ತಂದವರು ಯಾರು, ಅವನ ವಯಸ್ಸೆಷ್ಟು, ಆಕೆ ಒಪ್ಪಿದ್ದಳೇ ಎಂಬುದನ್ನು ಕೇಳುವುದಿಲ್ಲ. ದೂರು ಕೊಡಲು ಹೋದರೆ ತಾನು ಕುಡಿದದ್ದು ಮೊದಲು ಬಯಲಾಗುತ್ತದೆ, ಅಲ್ಲಿಗೇಕೆ ಹೋಗಿದ್ದೆ ಎಂಬ ಪ್ರಶ್ನೆ ಮನೆಯಲ್ಲಿ ಮೊದಲು ಬರುತ್ತದೆ. ಮನೆಯಲ್ಲಿ ಯಾರಿಗಾದರೂ ವಲಸೆ ದಾಖಲೆಗಳಿಲ್ಲದಿದ್ದರೆ ಪೊಲೀಸರ ಹೆಸರೆತ್ತುವುದೇ ಕಷ್ಟ. ದೇಹದ ವ್ಯತ್ಯಾಸವನ್ನೂ ಮರೆಯಬೇಡಿ: ಹೆಣ್ಣಿನ ದೇಹದಲ್ಲಿ ನೀರಿನ ಅಂಶ ಕಡಿಮೆಯಾದ್ದರಿಂದ ಅಷ್ಟೇ ಮದ್ಯಕ್ಕೆ ರಕ್ತದಲ್ಲಿ ಹೆಚ್ಚು ಸಾಂದ್ರತೆ ಬರುತ್ತದೆ. ಸುಮಾರು ಎರಡು ಗಂಟೆಯೊಳಗೆ ಗಂಡಿಗೆ ಐದು ಪಾನೀಯ, ಹೆಣ್ಣಿಗೆ ನಾಲ್ಕು ಎಂದು ಅತಿಸೇವನೆಯ ಗಡಿ ಬೇರೆ ಬೇರೆ ಇರುವುದು ಅದಕ್ಕೇ. ಹುಡುಗನ ಸಮಕ್ಕೆ ಲೋಟ ಎತ್ತಿದವಳು ಅವನಿಗಿಂತ ಬೇಗ ಮಂಪರಿಗೆ ಹೋಗುತ್ತಾಳೆ.

ಕಾನೂನಿನ ಪಾಲು ಎಷ್ಟೆಂದು ನೋಡಲು ನಿಮ್ಮ ರಾಜ್ಯವನ್ನೂ ನನ್ನ ರಾಜ್ಯವನ್ನೂ ಪಕ್ಕಪಕ್ಕ ಇಟ್ಟರೆ ಸಾಕು. ಕ್ಯಾಲಿಫೋರ್ನಿಯಾದಲ್ಲಿ ಅಪ್ರಾಪ್ತ ಹುಡುಗಿ ಗರ್ಭನಿರೋಧಕಕ್ಕೆ ತಾನೇ ಒಪ್ಪಿಗೆ ಕೊಡಬಹುದು, ಹನ್ನೆರಡು ತುಂಬಿದ ಮೇಲೆ ಲೈಂಗಿಕ ಸೋಂಕುಗಳ ಚಿಕಿತ್ಸೆಗೂ ಕೊಡಬಹುದು. ತಾಯಿ ಜೊತೆಗೆ ಬಂದು ಮಗಳ ಪರವಾಗಿ ತಾನೇ ಉತ್ತರ ಹೇಳುವುದು ನಮ್ಮಲ್ಲಿ ದಿನನಿತ್ಯದ ಸಂಗತಿ. ಆದರೂ ಸ್ವಲ್ಪ ಹೊತ್ತು ತಾಯಿಯನ್ನು ಹೊರಗೆ ಕೂರಿಸಿ ಮಾತಾಡಿದರೆ ಕೆಲಸವಾಗುತ್ತದೆ. ಟೆಕ್ಸಾಸ್‌ನಲ್ಲಿ ಗರ್ಭನಿರೋಧಕಕ್ಕೆ ಪೋಷಕರ ಒಪ್ಪಿಗೆ ಬೇಕು. ಕೇಂದ್ರದ ಅನುದಾನ ಪಡೆಯುವ ಕುಟುಂಬ ಯೋಜನಾ ಚಿಕಿತ್ಸಾಲಯಗಳಲ್ಲಿ ಇದ್ದ ವಿನಾಯಿತಿಯೂ 2022ರ ಜಿಲ್ಲಾ ನ್ಯಾಯಾಲಯದ ತೀರ್ಪಿನಿಂದ ಅಲುಗಾಡಿ, 2024ರ ಮಾರ್ಚ್‌ನಲ್ಲಿ ಐದನೇ ವಲಯದ ಮೇಲ್ಮನವಿ ನ್ಯಾಯಾಲಯ ಆ ತೀರ್ಪನ್ನು ಬಹುಮಟ್ಟಿಗೆ ಎತ್ತಿಹಿಡಿದಾಗ ಕೈತಪ್ಪಿತು. ಅಕ್ಕತಂಗಿಯರಿಬ್ಬರು ಎರಡು ರಾಜ್ಯಗಳಲ್ಲಿ ಒಂದೇ ರೀತಿ ಮಕ್ಕಳನ್ನು ಬೆಳೆಸಿದರೂ ಅವರ ಹೆಣ್ಣುಮಕ್ಕಳ ಮುಂದಿರುವ ದಾರಿಗಳು ಬೇರೆಬೇರೆ. ತುರ್ತು ಗರ್ಭನಿರೋಧಕ ಮಾತ್ರೆಗಳಲ್ಲಿ ಒಂದು 2013ರಿಂದ ವಯಸ್ಸಿನ ಮಿತಿಯಿಲ್ಲದೆ, ಚೀಟಿಯಿಲ್ಲದೆ ಸಿಗುತ್ತದೆ. 2024ರಿಂದ ದಿನವೂ ನುಂಗುವ ಒಂದು ಮಾತ್ರೆಯೂ ಹಾಗೆಯೇ ಸಿಗುತ್ತಿದೆ. ಇವು ಎರಡೂ ರಾಜ್ಯಗಳಿಗೆ ಸಮಾನ. ಇದು ಎಷ್ಟು ಜನಕ್ಕೆ ತಿಳಿದಿದೆ ಎಂಬ ಒಂದು ಪ್ರಶ್ನೆಯನ್ನು ನಿಮ್ಮ ಪಟ್ಟಿಗೆ ಸೇರಿಸಿಕೊಳ್ಳಿ.

ಧರ್ಮಭೀರು ತಾಯಂದಿರು ಇಂಥದ್ದಕ್ಕೆಲ್ಲ ಅಡ್ಡ ಬರುತ್ತಾರೆಂಬ ಮಾತನ್ನೂ ಪರೀಕ್ಷಿಸದೆ ಬರೆಯಬೇಡಿ. ಲೈಂಗಿಕ ಸಂಪರ್ಕದಿಂದ ಹರಡುವ ಎಚ್‌ಪಿವಿ ವೈರಸ್ಸಿನ ಲಸಿಕೆಯನ್ನು ಹಿಸ್ಪಾನಿಕ್ ಕುಟುಂಬಗಳು ಬಿಳಿಯ ಕುಟುಂಬಗಳಿಗಿಂತ ಕಡಿಮೆಯೇನೂ ಹಾಕಿಸುತ್ತಿಲ್ಲ. ಗರ್ಭಕಂಠದ ಕ್ಯಾನ್ಸರ್ ತಡೆಯುವ ಲಸಿಕೆ ಎಂದು ವಿವರಿಸಿದರೆ ಅಮ್ಮಂದಿರು ಮಗಳ ತೋಳನ್ನು ತಾವೇ ಮುಂದೆ ಹಿಡಿಯುತ್ತಾರೆ.

ಕೆರೆಏರಿ – ಉತ್ತರ 3

ಮೈಸೂರಿನಲ್ಲಿ ಮಹಿಳಾ ಅಧ್ಯಯನ ಬೋಧಿಸುತ್ತೇನೆ. ಲ್ಯಾಟಿನ್ ಅಮೆರಿಕದ ಸ್ತ್ರೀವಾದಿ ಚರ್ಚೆಗಳನ್ನು ಗಮನಿಸುತ್ತ ಬಂದಿದ್ದೇನೆ. ಮರಿಯಾನಿಸ್ಮೊ ಎಂಬ ಪರಿಕಲ್ಪನೆಯನ್ನು ಅದರ ಚರಿತ್ರೆ ತಿಳಿಯದೆ ಬಳಸುವುದು ಒಳಿತಲ್ಲ.

ಈ ಪದಕ್ಕೆ ಇಂದಿನ ಅರ್ಥವನ್ನು ಕೊಟ್ಟವರು ಎವೆಲಿನ್ ಸ್ಟೀವನ್ಸ್ ಎಂಬ ಅಮೆರಿಕದ ರಾಜ್ಯಶಾಸ್ತ್ರಜ್ಞೆ, 1973ರ ಒಂದು ಪ್ರಬಂಧದಲ್ಲಿ. ಮೆಕ್ಸಿಕೊದ ಹಳ್ಳಿಯ ಹೆಂಗಸರು ತಮ್ಮನ್ನು ಹೀಗೆ ಕರೆದುಕೊಂಡದ್ದಲ್ಲ. ಲ್ಯಾಟಿನ್ ಅಮೆರಿಕದ ಸಮಸ್ತ ಮಹಿಳೆಯರನ್ನೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ಯುವಷ್ಟು ಆಧಾರ ಆ ಪ್ರಬಂಧಕ್ಕಿಲ್ಲವೆಂದು ಮಾರಿಸಾ ನವಾರೊ ಮೊದಲಾದ ವಿದ್ವಾಂಸರು ಮುಂದೆ ಕಟುವಾಗಿಯೇ ಟೀಕಿಸಿದರು. ಆದರೂ ಮನೋವಿಜ್ಞಾನದಲ್ಲಿ ಪದ ಉಳಿಯಿತು. ನಿಮ್ಮ ಮಾರ್ಗದರ್ಶಕರು ಹೇಳುತ್ತಿರುವುದು ಬಹುಶಃ ಲಿಂಡಾ ಕ್ಯಾಸ್ಟಿಲೊ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಪ್ರಶ್ನಾವಳಿ ಇರಬೇಕು. ಅದರಲ್ಲಿ ಐದು ಭಾಗಗಳಿವೆ: ಕುಟುಂಬಕ್ಕೆ ಆಧಾರಸ್ತಂಭವಾಗುವುದು, ಶೀಲವಂತಳಾಗಿರುವುದು, ಇತರರಿಗೆ ಅಧೀನಳಾಗಿರುವುದು, ಸಾಮರಸ್ಯಕ್ಕಾಗಿ ತನ್ನ ಮಾತನ್ನು ನುಂಗಿಕೊಳ್ಳುವುದು, ಮನೆಯ ಧಾರ್ಮಿಕ ಬದುಕನ್ನು ಹೊರುವುದು. ಇವುಗಳನ್ನು ಕೂಡಿಸಿ ಒಂದೇ ಅಂಕ ಮಾಡುವುದು ನನಗೆ ಸರಿಕಾಣುವುದಿಲ್ಲ. ಅಮ್ಮನ ಮುಖ ನೋಡಿ ಕುಡಿಯದೆ ಇರುವವಳೂ, ಹುಡುಗನ ಮುಖ ನೋಡಿ ಬೇಡ ಎನ್ನಲಾಗದವಳೂ ಒಟ್ಟು ಅಂಕದಲ್ಲಿ ಒಂದೇ ಸಾಲಿಗೆ ಬಂದುಬಿಡಬಹುದು. ಭಾಗಗಳನ್ನು ಬೇರೆಬೇರೆಯಾಗಿ ವಿಶ್ಲೇಷಿಸಿದರೆ, ದಾಳಿಂಬೆಯವರು ತಮ್ಮ ಅನುಭವದಿಂದ ಹೇಳಿದ್ದು ಅಂಕಿಗಳಲ್ಲೂ ನಿಲ್ಲುತ್ತದೆಯೇ ಎಂದು ನೋಡಬಹುದು.

ಸಂಬಂಧದೊಳಗೆ ಯಾರ ಮಾತು ನಡೆಯುತ್ತದೆ ಎಂಬುದನ್ನು ನೇರವಾಗಿ ಅಳೆಯುವ ಇನ್ನೊಂದು ಪ್ರಶ್ನಾವಳಿಯೂ ಇದೆ. ಜೂಲಿ ಪುಲರ್‌ವಿಟ್ಜ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಇದು ಮ್ಯಾಸಚೂಸೆಟ್ಸ್‌ನ ಆರೋಗ್ಯ ಕೇಂದ್ರವೊಂದಕ್ಕೆ ಬರುತ್ತಿದ್ದ, ಬಹುಪಾಲು ಲ್ಯಾಟಿನಾ ಮಹಿಳೆಯರೊಂದಿಗೇ ರೂಪುಗೊಂಡದ್ದು. ಸಂಬಂಧದಲ್ಲಿ ಹೆಚ್ಚು ಹಿಡಿತವಿದ್ದವರು ಕಾಂಡೋಮ್ ಬಳಕೆಯನ್ನು ತಪ್ಪದೆ ಪಾಲಿಸುವ ಸಾಧ್ಯತೆ ಹೆಚ್ಚೆಂದು ಅದು ತೋರಿಸಿತು. ನಂಬಿಕೆಗಳನ್ನು ಕೇಳಿ ನಡತೆಯನ್ನು ಊಹಿಸುವುದಕ್ಕಿಂತ ಈ ದಾರಿ ಹತ್ತಿರದ್ದು.

ಇನ್ನೊಂದು ಮಾತು, ತುಸು ದೀರ್ಘವಾದರೂ ಹೇಳಲೇಬೇಕು. ಸಂಸ್ಕೃತಿ ಎಂಬ ವಿವರಣೆಯಿಂದ ಈ ಸಮುದಾಯಕ್ಕೆ ಅನ್ಯಾಯವೂ ಆಗಿದೆ. 1970ರ ಆಸುಪಾಸಿನಲ್ಲಿ ಲಾಸ್ ಏಂಜಲೀಸ್ ಕೌಂಟಿಯ ಸಾರ್ವಜನಿಕ ಆಸ್ಪತ್ರೆಯಲ್ಲಿ, ಹೆರಿಗೆ ನೋವಿನಲ್ಲಿದ್ದ ಮೆಕ್ಸಿಕನ್ ಮೂಲದ ಮಹಿಳೆಯರಿಂದ ಅವರಿಗೆ ಓದಲು ಬಾರದ ಇಂಗ್ಲಿಷ್ ಕಾಗದಗಳಿಗೆ ಸಹಿ ಹಾಕಿಸಿಕೊಂಡು ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಲಾಗಿತ್ತು. ಹತ್ತು ಮಂದಿ ಮಹಿಳೆಯರು ಮ್ಯಾಡ್ರಿಗಲ್ ವಿರುದ್ಧ ಕ್ವಿಲಿಗನ್ ಎಂದು ಹೆಸರಾದ ಮೊಕದ್ದಮೆ ಹೂಡಿದರು. 1978ರಲ್ಲಿ ನ್ಯಾಯಾಧೀಶರು ಅವರ ವಿರುದ್ಧ ತೀರ್ಪು ಕೊಟ್ಟರು. ನಡೆದದ್ದು ಸಂವಹನದ ಕೊರತೆ, ಅವರು ಅನುಭವಿಸಿದ ತೀವ್ರ ಮನೋವ್ಯಥೆಗೆ ಅವರ ಸಾಂಸ್ಕೃತಿಕ ಹಿನ್ನೆಲೆ ಕಾರಣ ಎಂಬ ಅರ್ಥದ ಮಾತುಗಳು ಅದರಲ್ಲಿವೆ. ಮಾನವಶಾಸ್ತ್ರಜ್ಞರೊಬ್ಬರು ಆ ಮಹಿಳೆಯರ ನೋವಿನ ಆಳ ತಿಳಿಯಲೆಂದು ಕೊಟ್ಟ ಸಾಕ್ಷ್ಯವೇ ಅವರಿಗೆ ಎದುರಾಗಿ ಬಳಕೆಯಾಯಿತು. ಪೋರ್ಟೊರಿಕೊದಲ್ಲಿ 1956ರಲ್ಲಿ ಗರ್ಭನಿರೋಧಕ ಮಾತ್ರೆಯನ್ನು, ಅದು ಪ್ರಯೋಗವೆಂದು ಸರಿಯಾಗಿ ತಿಳಿಸದೆ, ಬಡ ಹೆಂಗಸರ ಮೇಲೆ ಪರೀಕ್ಷಿಸಿದ್ದೂ ಇದೇ ಕಾಲಘಟ್ಟದ ಕಥೆ. ಚಿಕಿತ್ಸಾಲಯದ ಬಗ್ಗೆ ಅಜ್ಜಿಯೊಬ್ಬಳಿಗೆ ಅಪನಂಬಿಕೆ ಇದ್ದರೆ ಅದನ್ನು ಸಂಪ್ರದಾಯದ ಖಾತೆಗೆ ಹಾಕುವ ಮೊದಲು ಆಕೆ ಎಲ್ಲಿ ಹೆತ್ತಳೆಂದು ಕೇಳಬೇಕು.

ಹೊಂಗೆನೆರಳು

ಮೂವರಿಗೂ ಕೃತಜ್ಞತೆಗಳು. ಐದು ಭಾಗಗಳನ್ನು ಬೇರೆಬೇರೆಯಾಗಿ ನೋಡುವ ಸಲಹೆಯನ್ನು ಮಾರ್ಗದರ್ಶಕರ ಮುಂದಿಡುತ್ತೇನೆ. ಆದರೆ ಒಂದು ಆಕ್ಷೇಪ ಉಳಿಯುತ್ತದೆ. ಕುಟುಂಬದ ಒಳಗಿನ ಮೌನವೇ ತೊಂದರೆಯ ಮೂಲವಾದರೆ, ಕುಟುಂಬವನ್ನೇ ಆಧಾರವಾಗಿಟ್ಟುಕೊಂಡು ನಡೆಯುವ ಕಾರ್ಯಕ್ರಮಗಳು ಇಲ್ಲಿ ಅಷ್ಟೊಂದು ಏಕೆ ಇವೆ? ಅವು ಫಲ ಕೊಟ್ಟಿವೆಯೇ?

ದಾಳಿಂಬೆ – ಉತ್ತರ 4

ಕೆಲವು ಕೊಟ್ಟಿವೆ. ಮಯಾಮಿ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಫಮಿಲಿಯಾಸ್ ಉನಿದಾಸ್ ಕಾರ್ಯಕ್ರಮ ಮುಖ್ಯವಾಗಿ ತಂದೆತಾಯಿಯರನ್ನು ಕೂರಿಸಿ ಮಾತಾಡುತ್ತದೆ. ಮಕ್ಕಳು ಎಲ್ಲಿ ಹೋಗುತ್ತಾರೆ, ಯಾರ ಜೊತೆ ಇರುತ್ತಾರೆ ಎಂದು ತಿಳಿದಿರುವುದನ್ನೂ, ಕುಡಿತ ಮತ್ತು ಲೈಂಗಿಕತೆಯ ಬಗ್ಗೆ ಸ್ಪ್ಯಾನಿಷ್‌ನಲ್ಲೇ ಬಾಯಿಬಿಟ್ಟು ಮಾತಾಡುವುದನ್ನೂ ಅವರಿಗೆ ಅಭ್ಯಾಸ ಮಾಡಿಸುತ್ತದೆ. ಮಾದಕ ವಸ್ತುಗಳ ಬಳಕೆ ಮತ್ತು ಅಸುರಕ್ಷಿತ ಸಂಭೋಗ ಎರಡರಲ್ಲೂ ಇದರಿಂದ ಇಳಿಕೆಯಾದದ್ದು ಪ್ರಯೋಗಗಳಲ್ಲಿ ಕಂಡಿದೆ. ಆಂಟೋನಿಯಾ ವಿಯರುಯೆಲ್ ಅವರು ಫಿಲಡೆಲ್ಫಿಯಾದಲ್ಲಿ ಪರೀಕ್ಷಿಸಿ 2006ರಲ್ಲಿ ಫಲಿತಾಂಶ ಪ್ರಕಟಿಸಿದ ಕ್ವೀದಾತೆ ಎಂಬ ಕಾರ್ಯಕ್ರಮ ಇನ್ನೂ ಜಾಣತನದ್ದು. ಮಚಿಸ್ಮೊವನ್ನು ಖಂಡಿಸುತ್ತ ಕೂರುವ ಬದಲು, ಜೊತೆಗಾತಿಯನ್ನು ಕಾಪಾಡುವವನೇ ಗಂಡಸು, ಆದ್ದರಿಂದ ಕಾಂಡೋಮ್ ತರುವುದು ಅವನ ಜವಾಬ್ದಾರಿ ಎಂದು ಅದು ಹುಡುಗರಿಗೆ ಹೇಳುತ್ತದೆ. ಈ ವಾದದಲ್ಲಿ ಗಂಡಿನ ಯಜಮಾನಿಕೆ ಹಾಗೆಯೇ ಉಳಿಯುತ್ತದೆ ಎಂಬ ಅಸಮಾಧಾನ ನನಗಿದೆ, ಆದರೂ ಶುಕ್ರವಾರ ರಾತ್ರಿಯ ಹೊತ್ತಿಗೆ ಅದರಿಂದ ಪ್ರಯೋಜನವಿದೆ. ಕುಟುಂಬದ ಮೌನ ಮುರಿಯಲು ಕುಟುಂಬದ ಬಾಗಿಲಿನಿಂದಲೇ ಒಳಹೋಗಬೇಕಾಗುತ್ತದೆ.

ಎಣಿಕೆಗಾರ – ಉತ್ತರ 5

ನೀವು ಟೆಕ್ಸಾಸ್‌ನಲ್ಲಿರುವುದರಿಂದ ಎರಡು ವಿಷಯ. ಎಲ್ ಪಾಸೊ, ಬ್ರೌನ್ಸ್‌ವಿಲ್‌ನಂಥ ಗಡಿಯ ಊರುಗಳ ಹುಡುಗಿಯರಿದ್ದರೆ ಅವರನ್ನು ಬೇರೆಯಾಗಿ ಗುರುತಿಸಿಕೊಳ್ಳಿ. ಅಮೆರಿಕದಲ್ಲಿ ಮದ್ಯ ಕೊಳ್ಳಲು 21 ತುಂಬಿರಬೇಕು, ಸೇತುವೆಯಾಚೆ ಮೆಕ್ಸಿಕೊದಲ್ಲಿ 18 ಸಾಕು. ವಾರಾಂತ್ಯದಲ್ಲಿ ಆಚೆ ಹೋಗಿ ಕುಡಿದು ಬರುವವರ ಕುಡಿತಕ್ಕೂ ಮನೆಯ ಸಂಪ್ರದಾಯಕ್ಕೂ ಬಹಳ ಸಂಬಂಧವಿಲ್ಲ. ಮೇ 5ರ ಹಬ್ಬದ ಸುತ್ತಮುತ್ತ ದತ್ತಾಂಶ ಸಂಗ್ರಹಿಸುವುದನ್ನೂ ತಪ್ಪಿಸಿ. ಮೆಕ್ಸಿಕೊದಲ್ಲಿ ಪುಯೆಬ್ಲಾ ರಾಜ್ಯದ ಹೊರಗೆ ಅಷ್ಟಾಗಿ ಆಚರಿಸದ ಈ ದಿನವನ್ನು ಅಮೆರಿಕದಲ್ಲಿ ಇಷ್ಟು ದೊಡ್ಡ ಕುಡಿತದ ದಿನವಾಗಿಸಿದ್ದು ಬಿಯರ್ ಕಂಪನಿಗಳ ಜಾಹೀರಾತು. ಅದನ್ನೂ ಮೆಕ್ಸಿಕನ್ ಸಂಸ್ಕೃತಿಯ ಪ್ರಭಾವವೆಂದು ಎಣಿಸಿದ ವರದಿಗಳನ್ನು ನೋಡಿ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ.

ಇನ್ನೊಂದು, ಮಾದರಿಯ ಆಯ್ಕೆ. ಹದಿನೆಂಟು ತುಂಬದವರು ನಿಮ್ಮ ಅಧ್ಯಯನದಲ್ಲಿ ಭಾಗವಹಿಸಲು ಸಾಮಾನ್ಯವಾಗಿ ಪೋಷಕರ ಸಹಿ ಬೇಕು. ಕುಡಿತ ಮತ್ತು ಲೈಂಗಿಕತೆಯ ಬಗ್ಗೆ ಮಗಳನ್ನು ಪ್ರಶ್ನಿಸಲು ಸಹಿ ಹಾಕಿಕೊಡುವ ಮನೆಗಳಲ್ಲಿ ಆ ವಿಷಯ ಈಗಾಗಲೇ ಮಾತಿಗೆ ಬಂದಿರುವ ಸಂಭವ ಹೆಚ್ಚು. ಯಾವ ಮನೆಗಳ ಮೌನವನ್ನು ನೀವು ಅಧ್ಯಯನ ಮಾಡಬೇಕೆಂದಿದ್ದೀರೋ ಆ ಮನೆಗಳೇ ನಿಮ್ಮ ಮಾದರಿಯಿಂದ ಹೊರಗುಳಿಯುತ್ತವೆ. ಕೇಂದ್ರದ ಸಂಶೋಧನಾ ನಿಯಮಗಳಲ್ಲಿ ಕೆಲವು ಸಂದರ್ಭಗಳಲ್ಲಿ ಪೋಷಕರ ಅನುಮತಿಯನ್ನು ಮನ್ನಾ ಮಾಡಲು ಅವಕಾಶವಿದೆ, ಆದರೆ ವಿದ್ಯಾರ್ಥಿಯ ಪ್ರಬಂಧಕ್ಕೆ ನೈತಿಕ ಸಮಿತಿ ಅದನ್ನು ಸುಲಭವಾಗಿ ಕೊಡಲಾರದು. 18ರಿಂದ 20 ವರ್ಷದವರನ್ನೇ ತೆಗೆದುಕೊಳ್ಳಿ. ಅವರು ತಾವೇ ಒಪ್ಪಿಗೆ ಕೊಡಬಲ್ಲರು, ಕುಡಿತದ ಕಾನೂನಿನ ದೃಷ್ಟಿಯಲ್ಲಿ ಇನ್ನೂ ಚಿಕ್ಕವರು, ಹದಿನಾರರ ಸಂಜೆಗಳು ಅವರಿಗೆ ಇನ್ನೂ ಚೆನ್ನಾಗಿ ನೆನಪಿರುತ್ತವೆ. ತಿಂಗಳಿಗೆ ಸರಾಸರಿ ಎಷ್ಟು ಸಲ ಎಂದು ಕೇಳುವ ಬದಲು ಒಂದು ನಿರ್ದಿಷ್ಟ ಸಂಜೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿಸಿ: ಮನೆಯಲ್ಲಿ ಏನೆಂದು ಹೇಳಿ ಹೊರಟಿರಿ, ಕಾರು ಯಾರದ್ದು, ಮದ್ಯ ತಂದವರು ಯಾರು, ಕಾಂಡೋಮ್ ಯಾರ ಬಳಿ ಇತ್ತು, ಮರಳಿ ಕರೆತಂದವರು ಯಾರು.